ಇನ್ನೇನಾದರೂ ಇದೆಯಾ?

ಡಾಕ್ಟರು ಚೀಟಿಯಲ್ಲಿ ರಕ್ತದೊತ್ತಡದ ಮಾತ್ರೆಯ ಹೆಸರಿನ ಕೆಳಗೆ ಒಂದೇ ಒಂದು ಪದ ಬರೆದಿದ್ದರು: ಕೌನ್ಸೆಲಿಂಗ್. ಅದೂ ಒಂದು ಮಾತ್ರೆಯೇ ಎಂಬಂತೆ. ವರ್ಲಿನ್ ಆಸ್ಟ್ರಾಂಡರ್ ಆ ಚೀಟಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಮೂರು ವಾರ ಓಡಾಡಿದ. ನಾಲ್ಕನೆಯ ವಾರ ಕಾಲೇಜಿನ ಪಾಠಪಟ್ಟಿ ಅಂಚೆಯಲ್ಲಿ ಬಂತು. ಬೇಸಿಗೆ ಮುಗಿಯುವ ಹೊತ್ತಿಗೆ ಕ್ಯಾಲಿಫೋರ್ನಿಯಾದ ಆ ಬಾದಾಮಿ ತೋಟಗಳ ಸೀಮೆಯಲ್ಲಿ ಎಲ್ಲರ ಮನೆಗೂ ಬರುವ ಪಟ್ಟಿ ಅದು. ಅದರಲ್ಲಿ ದಪ್ಪಕ್ಷರದಲ್ಲಿ ಅದೇ ಪದ ಕಂಡಿತು: ‘ಕೌನ್ಸೆಲಿಂಗ್ 32. ಮಾನವ ಸಂಬಂಧಗಳು ಮತ್ತು ವಿದ್ಯಾರ್ಥಿ ನಾಯಕತ್ವ. ಮಂಗಳವಾರ, ಗುರುವಾರ, ಬೆಳಿಗ್ಗೆ ಹತ್ತಕ್ಕೆ.’ ವಾರಕ್ಕೆ ಎರಡು ಸಲ ಎಂದಮೇಲೆ ಬೇಗ ಗುಣವಾದೀತು ಎಂದುಕೊಂಡ.

ಜೀವಮಾನವಿಡೀ ನೀರಾವರಿ ಪಂಪು ರಿಪೇರಿ ಮಾಡಿ ನಿವೃತ್ತನಾದ ಅರವತ್ತೇಳರ ಮನುಷ್ಯ ಹೀಗೆ ಚಿಕಿತ್ಸೆಗೆಂದು ಹೋಗಿ ಕಾಲೇಜಿಗೆ ಸೇರಿಬಿಟ್ಟ. ಕೌಂಟರಿನ ಹುಡುಗಿ “ಯಾವ ಡಿಗ್ರಿಗೆ ಸರ್?” ಎಂದಾಗ “ಡಾಕ್ಟರು ಹೇಳಿದ್ದಾರೆ” ಎಂದ. ತಮಾಷೆ ಮಾಡುತ್ತಿದ್ದಾನೆಂದು ಅವಳು ನಕ್ಕಳು.

ಅವನ ಕಾಯಿಲೆ ಇಷ್ಟೇ: ಒಂದು ವಾಕ್ಯ ಅವನ ಬಾಯಿಂದ ಹೊರಡುತ್ತಿರಲಿಲ್ಲ. ಹೆಂಡತಿ ನಡೀನ್ ಫೆಬ್ರವರಿಯಲ್ಲಿ ತೀರಿಕೊಂಡಿದ್ದಳು. ಚರ್ಚಿನಲ್ಲಿ ಪಾದ್ರಿ ಅದನ್ನು ಹೇಳಿದರು, ನಾದಿನಿ ಹೇಳಿದಳು, ಪತ್ರಿಕೆಯಲ್ಲೂ ಬಂತು. ಅವನು ಮಾತ್ರ ಹೇಳಲಿಲ್ಲ. ಗ್ರಂಥಾಲಯದವರೋ ಹಲ್ಲಿನ ಡಾಕ್ಟರ ಕಡೆಯವರೋ ಫೋನ್ ಮಾಡಿ ನಡೀನ್ ಇದ್ದಾರಾ ಎಂದರೆ “ಹಿತ್ತಲಲ್ಲಿದಾಳೆ, ಆಮೇಲೆ ಮಾಡಿ” ಎಂದು ಇಟ್ಟುಬಿಡುತ್ತಿದ್ದ. ತಪ್ಪು ಪೂರ್ತಿ ಅವನದೂ ಅಲ್ಲ. ಮದುವೆಯಾದ ನಲವತ್ತೊಂದು ವರ್ಷ ಅವನ ಪಾಲಿನ ಮಾತನ್ನೂ ಅವಳೇ ಆಡಿದ್ದಳು. ಹೋಟೆಲಿನಲ್ಲಿ ಅವನಿಗೆ ಏನು ಬೇಕೆಂದು ಹೇಳುವವಳೂ ಅವಳೇ. ಇಂಥ ಸುದ್ದಿ ಹೇಳುವ ಕೆಲಸವೂ ನ್ಯಾಯವಾಗಿ ಅವಳದೇ ಆಗಿತ್ತು.

ತರಗತಿಯಲ್ಲಿ ಇಪ್ಪತ್ತು ಜನ, ಹೆಚ್ಚಿನವರು ಮೀಸೆ ಮೂಡುವ ವಯಸ್ಸಿನವರು. ಪಾಠ ಮಾಡುವ ಟೊಲೆಂಟಿನೊ ಮೇಡಂ ಮೊದಲ ದಿನವೇ ಇಬ್ಬಿಬ್ಬರನ್ನು ಜೋಡಿ ಮಾಡಿ, ಒಬ್ಬರನ್ನೊಬ್ಬರು ವಿಚಾರಿಸಿಕೊಂಡು ಎಲ್ಲರಿಗೂ ಪರಿಚಯ ಮಾಡಿಕೊಡಿ ಎಂದರು. ವರ್ಲಿನ್‌ಗೆ ಜೊತೆಯಾದವಳು ಇಟ್ಸೆಲ್. ಬೆಳಗಿನ ಹೊತ್ತು ಡೋನಟ್ ಅಂಗಡಿಯಲ್ಲಿ ದುಡಿದು ಓಡೋಡಿ ಬರುವ ಹುಡುಗಿ. ಅವಳು ಕೂತ ಕಡೆಯೆಲ್ಲ ಸಕ್ಕರೆ ಪಾಕದ ವಾಸನೆ.

“ನೋಡಿ, ನಿಮ್ಮನ್ನ ಹೆಸರು ಹಿಡಿದು ಕರೆದ್ರೆ ನಮ್ಮಮ್ಮ ಚರ್ಮ ಸುಲೀತಾಳೆ. ಡಾನ್ ವರ್ಲಿನ್ ಅಂತೀನಿ. ನಮ್ಮ ಸ್ಪ್ಯಾನಿಷ್‌ನಲ್ಲಿ ಹಿರಿಯರು ಗಂಡಸರಾದ್ರೆ ಡಾನ್, ಹೆಂಗಸರಾದ್ರೆ ದೊನ್ಯಾ. ಆಗ್ಬಹುದಾ?”

“ಏನಾದ್ರೂ ಅನ್ನು ತಾಯಿ.”

“ಮನೇಲಿ ಯಾರ್ಯಾರಿದೀರಾ?”

ಅವನು ಅವಳ ಪೆನ್ನನ್ನೇ ನೋಡಿದ. “ನಡೀನ್,” ಎಂದ. “ಪೀಚ್ ಹಣ್ಣಿನ ಪೈ ಮಾಡ್ತಾಳೆ. ಟೀವೀಲಿ ಹವಾಮಾನ ಹೇಳೋನಿಗೆ ದಿನಾ ಬೈತಾಳೆ.”

ಇಟ್ಸೆಲ್ ಅದನ್ನೇ ನಾಲ್ಕು ಪಟ್ಟು ಮಾಡಿ ತರಗತಿಗೆ ಹೇಳಿದಳು. ಎಲ್ಲರೂ ನಕ್ಕರು. ಅಂದಿನಿಂದ ನಡೀನ್ ಆ ತರಗತಿಯ ಇಪ್ಪತ್ತೊಂದನೆಯವಳಾದಳು. ಮಳೆ ಬಂದರೆ ಸಾಕು, “ನಡೀನ್ ಇವತ್ತು ಬೈದ್ರಾ?” ಎಂದು ಹಿಂದಿನ ಬೆಂಚಿನಿಂದ ಕೇಳುವರು. ಬೈದಳು ಎನ್ನುವನು ವರ್ಲಿನ್. ಹಾಗೆನ್ನುವಾಗ ಅವನಿಗೆ ಹಿತವಾಗುತ್ತಿತ್ತು, ಸುಳ್ಳೇಕೆ ಹೇಳಲಿ.

‘ಈ ತರಗತಿಯಿಂದ ನನಗೇನು ಬೇಕು’ ಎಂಬ ಪ್ರಬಂಧದಲ್ಲಿ ಅವನು ‘ಗುಣವಾಗಬೇಕು’ ಎಂದಷ್ಟೇ ಬರೆದಿದ್ದ. ಮೂರನೆಯ ವಾರ ಮೇಡಂ ಅವನನ್ನು ಪಕ್ಕಕ್ಕೆ ಕರೆದರು.

“ವರ್ಲಿನ್, ಇದು ಕೌನ್ಸೆಲಿಂಗ್ ವಿಭಾಗದೋರು ನಡೆಸೋ ಪಾಠ. ಚಿಕಿತ್ಸೆ ಅಲ್ಲ.”

“ಅಂದ್ರೆ ನಾನು ಅಂಗಡಿ ತಪ್ಪಿ ಬಂದೆ.”

“ಹಾಗೇ ಅನ್ನಿ. ಶುಕ್ರವಾರದೊಳಗೆ ಹೆಸರು ತೆಗೆಸಬಹುದು. ಕೂತು ಮಾತಾಡೋಕೆ ಒಳ್ಳೆಯವರೊಬ್ಬರನ್ನ ನಾನೇ ಗೊತ್ತು ಮಾಡಿಕೊಡ್ತೀನಿ.”

ಬಾಗಿಲಾಚೆ ಇಟ್ಸೆಲ್ ಕಾಗದದಲ್ಲಿ ಸುತ್ತಿದ ಡೋನಟ್ ಹಿಡಿದು ಅವನಿಗಾಗಿ ಕಾಯುತ್ತಿದ್ದಳು. “ಶುಕ್ರವಾರ ಬರಲಿ, ನೋಡೋಣ,” ಎಂದ ವರ್ಲಿನ್. ಶುಕ್ರವಾರ ಬಂತು, ಹೋಯಿತು.

ಅಕ್ಟೋಬರಿನಲ್ಲಿ ‘ಮರಳಿ ಹೇಳುವುದು’ ಎಂಬ ಅಭ್ಯಾಸ ಶುರುವಾಯಿತು. ಒಬ್ಬರು ತಮ್ಮ ಕಷ್ಟ ಹೇಳಬೇಕು, ಇನ್ನೊಬ್ಬರು ಕೇಳಿದ್ದನ್ನು ಕೇಳಿದ ಹಾಗೇ ಮರಳಿ ಹೇಳಬೇಕು. ಬುದ್ಧಿವಾದ ಹೇಳುವಂತಿಲ್ಲ, ಅಯ್ಯೋ ಪಾಪ ಎನ್ನುವಂತಿಲ್ಲ. ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳಬಹುದು: ಇನ್ನೇನಾದರೂ ಇದೆಯಾ? ವರ್ಲಿನ್‌ನಂಥ ದಡ್ಡ ವಿದ್ಯಾರ್ಥಿ ಆ ಪಾಠಕ್ಕೆ ಇನ್ನೊಬ್ಬ ಸಿಕ್ಕಿರಲಾರ. ಇಟ್ಸೆಲ್ ತನ್ನ ಯಜಮಾನ ಕಿರುಚಾಡುವುದನ್ನು ಹೇಳಿದರೆ ಇವನು “ಆ ಕೆಲಸ ಬಿಟ್ಟಾಕು” ಎನ್ನುವನು. ಕಾರು ಸದ್ದು ಮಾಡುತ್ತದೆಂದರೆ ಎದ್ದೇ ಹೊರಡುವನು. ಆಗೆಲ್ಲ ತರಗತಿಗೆ ತರಗತಿಯೇ “ರಿಪೇರಿ! ರಿಪೇರಿ!” ಎಂದು ಕೂಗಿ ಅವನನ್ನು ಕೂರಿಸುತ್ತಿತ್ತು. ಬಾಯಿ ಮುಚ್ಚಿ ಕೇಳುವುದನ್ನು ಕಲಿಯಲು ಅವನಿಗೆ ಒಂದು ತಿಂಗಳು ಹಿಡಿಯಿತು.

ನವೆಂಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜೆಗೆ ಮುಂಚಿನ ಗುರುವಾರ, ಪಾಠ ಮುಗಿದಮೇಲೆ ಎಲ್ಲರೂ ಮನೆಯಿಂದ ಒಂದೊಂದು ಅಡುಗೆ ತಂದು ಉಣ್ಣುವುದೆಂದು ಗೊತ್ತಾಯಿತು. ಮನೆಯವರನ್ನೂ ಕರೆತರಬಹುದು. “ಪೈ ಬರ್ಬೇಕು, ಪೈ ಜೊತೆ ದೊನ್ಯಾ ನಡೀನೂ ಬರ್ಬೇಕು,” ಎಂದಳು ಇಟ್ಸೆಲ್. “ಇಲ್ಲಾಂದ್ರೆ ನಿಮ್ಮನ್ನ ಒಳಗೇ ಬಿಡಲ್ಲ.”

ವರ್ಲಿನ್‌ಗೆ ಒಂದು ವಾರ ಊಟ ಸೇರಲಿಲ್ಲ. ನಿಜ ಹೇಳಿದರೆ ಮೂರು ತಿಂಗಳು ಸುಳ್ಳು ಹೇಳಿದ್ದು ಆ ಮಕ್ಕಳಿಗೆಲ್ಲ ಗೊತ್ತಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ತರಗತಿಯಲ್ಲಿ ಮಾತ್ರ ಬದುಕಿರುವ ನಡೀನ್ ಅಲ್ಲಿಯೂ ಇಲ್ಲದಂತಾಗುತ್ತಾಳೆ. ಕೊನೆಗೆ ಅವಳಿಗೆ ನೆಗಡಿ ಎಂದುಬಿಡುವುದೆಂದು ತೀರ್ಮಾನಿಸಿದ. ಅವಳೇ ಪಾಕದಲ್ಲಿ ಹಾಕಿಟ್ಟು ಕೈಯಕ್ಷರದ ಚೀಟಿ ಅಂಟಿಸಿದ ಪೀಚ್ ಬಾಟಲಿಗಳು ಕಪಾಟಿನಲ್ಲಿ ಎರಡೇ ಉಳಿದಿದ್ದವು. ಒಂದನ್ನು ತೆರೆದು, ಜೀವನದಲ್ಲಿ ಮೊದಲ ಸಲ ಪೈ ಮಾಡಿದ. ಅಂಚು ಸೀದು ಕರಿಯಾಯಿತು, ನಡುಭಾಗ ಕುಸಿಯಿತು.

ಗುರುವಾರ ಊಟಕ್ಕೆ ಮುಂಚೆ ಮೇಡಂ ಕೊನೆಯ ಸಲ ಮರಳಿ ಹೇಳುವ ಅಭ್ಯಾಸ ಮಾಡಿಸಿದರು. ಇಟ್ಸೆಲ್ ಕುರ್ಚಿ ತಿರುಗಿಸಿ ಎದುರಿಗೆ ಕೂತಳು.

“ನಡೀನ್ ಬರಲ್ಲ,” ಎಂದ ವರ್ಲಿನ್.

“ದೊನ್ಯಾ ನಡೀನ್ ಬರಲ್ಲ.” ಅವಳ ಮುಖ ಸಪ್ಪಗಾಯಿತು, ಆದರೂ ನಿಯಮ ಮುರಿಯಲಿಲ್ಲ. “ಇನ್ನೇನಾದ್ರೂ ಇದ್ಯಾ?”

“ಹುಷಾರಿಲ್ಲ.”

“ಅವರಿಗೆ ಹುಷಾರಿಲ್ಲ.”

ತನ್ನ ಸುಳ್ಳು ಆ ಹುಡುಗಿಯ ಬಾಯಲ್ಲಿ ನಿಜದಂತೆ ಕೇಳಿಸಿದಾಗ ಅವನಿಗೆ ತಡೆಯಲಾಗಲಿಲ್ಲ.

“ಹುಷಾರಿರಲಿಲ್ಲ,” ಎಂದ.

ಇಟ್ಸೆಲ್ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. “ಹುಷಾರಿರಲಿಲ್ಲ,” ಎಂದಳು ಮೆಲ್ಲಗೆ. “ಇನ್ನೇನಾದ್ರೂ ಇದ್ಯಾ?”

“ಫೆಬ್ರವರೀಲಿ ತೀರಿಕೊಂಡ್ಲು. ನಾನು ಯಾರಿಗೂ ಹೇಳಿಲ್ಲ.”

ಅವಳ ಕಣ್ಣು ತುಂಬಿತು. ಆದರೆ ಅಯ್ಯೋ ಎನ್ನಲಿಲ್ಲ, ಸಮಾಧಾನ ಹೇಳಲಿಲ್ಲ. “ನಡೀನ್ ಫೆಬ್ರವರೀಲಿ ತೀರಿಕೊಂಡ್ರು. ನೀವು ಯಾರಿಗೂ ಹೇಳಿಲ್ಲ.”

ಬೇರೊಬ್ಬರ ಬಾಯಿಂದ ಬಂದ ತನ್ನ ಮಾತು ಕೇಳಿ ವರ್ಲಿನ್ ಅತ್ತ. ಫೆಬ್ರವರಿಯಿಂದ ಬಾಕಿ ಉಳಿದಿದ್ದ ಅಳುವನ್ನೆಲ್ಲ ಅಲ್ಲೇ ಅತ್ತ. ಸುತ್ತಲಿನ ಜೋಡಿಗಳೆಲ್ಲ ಅವನ ಕಡೆ ತಿರುಗಿದವು. ರಿಪೇರಿಗೆ ಯಾರೂ ಏಳಲಿಲ್ಲ. ಇಟ್ಸೆಲ್ ಕಾದಳು, ಆಮೇಲೆ ಮತ್ತೆ ಅದೇ ಪ್ರಶ್ನೆ ಕೇಳಿದಳು.

“ಪೈ ನಾನು ಮಾಡಿದ್ದು,” ಎಂದ.

“ಪೈ ನೀವು ಮಾಡಿದ್ದು. ಅದು ನೋಡಿದ್ರೇ ಗೊತ್ತಾಗತ್ತೆ ಬಿಡಿ, ಡಾನ್ ವರ್ಲಿನ್!” ಎಂದು ನಿಯಮ ಮುರಿದು, ಅಳುತ್ತ ನಗುತ್ತ ಅವನ ಕೈ ಹಿಡಿದಳು. ಆ ಸೀದ ಪೈಯನ್ನು ಇಪ್ಪತ್ತು ಜನವೂ ತಿಂದು ಮುಗಿಸಿದರು. ತಿಂದವರಿಗೆ ಪುಣ್ಯ ಬರಲಿ.

ಸೋಮವಾರ ಮಧ್ಯಾಹ್ನ ಮನೆಯ ಫೋನ್ ಬಡಿದುಕೊಂಡಿತು. ಹಲ್ಲಿನ ಡಾಕ್ಟರ ಕಚೇರಿ, ಯಾವುದೋ ಹೊಸ ಹೆಣ್ಣುದನಿ. “ನಡೀನ್ ಆಸ್ಟ್ರಾಂಡರ್ ಇದ್ದಾರಾ?”

ವರ್ಲಿನ್ ಕಿಟಕಿಯಿಂದ ಹಿತ್ತಲನ್ನು ನೋಡಿದ. “ಇಲ್ಲಮ್ಮ. ಫೆಬ್ರವರೀಲಿ ತೀರಿಕೊಂಡ್ಲು.”

ಕೀಲಿಮಣೆ ಟಕಟಕ ಎಂದಿತು. “ನಡೀನ್ ಆಸ್ಟ್ರಾಂಡರ್, ಫೆಬ್ರವರೀಲಿ ತೀರಿಕೊಂಡ್ರು. ಬರ್ಕೊಂಡಿದೀನಿ ಸರ್. ಇನ್ನೇನಾದ್ರೂ ಇದ್ಯಾ?”

ಅವಳು ಎಲ್ಲರನ್ನೂ ಕೇಳುವ ವಾಡಿಕೆಯಂತೆ ಕೇಳಿದ್ದಳು. ವರ್ಲಿನ್ ಕುರ್ಚಿ ಎಳೆದುಕೊಂಡು ಕೂತ.

“ಇದೆ,” ಎಂದ. “ನಿನಗೆ ಎರಡು ನಿಮಿಷ ಪುರುಸೊತ್ತು ಇದ್ಯಾ ತಾಯಿ?”