ನಾಲ್ಕನೇ ತರಗತಿಯ ಕಾಗದದ ಪಟ್ಟಿಗಳು

ಆ ಅವಧಿಯಲ್ಲಿ ನಾಲ್ಕನೇ ತರಗತಿಯ ಪಾಲಿಗೆ ಮೂರು ಹೊರಸಂಚಾರಗಳಿದ್ದವು. ಒಂದು ಅಗ್ನಿಶಾಮಕ ಠಾಣೆಗೆ, ಒಂದು ವೃದ್ಧಾಶ್ರಮಕ್ಕೆ. ಇನ್ನೊಂದು ಮೃಗಾಲಯಕ್ಕೆ ಆಗಬೇಕಿತ್ತು. ಬಸ್ಸು ಕೆಟ್ಟು ನಿಂತದ್ದರಿಂದ ಮಕ್ಕಳನ್ನು ಸಾಲಾಗಿ ಗೇಟು ದಾಟಿಸಿ, ಪಕ್ಕದ ನಿವೇಶನದಲ್ಲಿ ಹೊಸ ಕಟ್ಟಡಕ್ಕೆಂದು ತೋಡುತ್ತಿದ್ದ ಗುಂಡಿಯನ್ನು ತೋರಿಸಲಾಯಿತು. ಶಾಲೆಯ ಚಟುವಟಿಕೆ ಪುಸ್ತಕದಲ್ಲಿ ಇದು ‘ನಿರ್ಮಾಣ ಕ್ಷೇತ್ರಕ್ಕೆ ಶೈಕ್ಷಣಿಕ ಭೇಟಿ’ ಎಂದು ದಾಖಲಾಯಿತು. ಆನೆ ನೋಡಲು ಹೊರಟವರು ಗುಂಡಿ ನೋಡಿ ಬಂದರು ಎಂದು ಬರೆಯಲು ಆ ಪುಸ್ತಕದಲ್ಲಿ ಕಾಲಂ ಇರಲಿಲ್ಲ.

ಗುಂಡಿಯ ಅಂಚಿನಿಂದ ಶಾಲೆಯ ಸಭಾಂಗಣದ ಗೋಡೆಗೆ ಹತ್ತು ಹೆಜ್ಜೆ. ಅಲ್ಲಿ ಕೆಲಸ ನೋಡಿಕೊಳ್ಳುತ್ತಿದ್ದ ಮುದಿ ಮೇಸ್ತ್ರಿಯನ್ನು ಮಕ್ಕಳು ಐದೇ ನಿಮಿಷದಲ್ಲಿ ‘ಗಾರೆ ತಾತ’ ಮಾಡಿಕೊಂಡರು. ಆತ ಸಲಾಕೆ, ತೂಕದ ಗುಂಡು, ಮಟ್ಟಗೋಲು ಎಲ್ಲವನ್ನೂ ತೋರಿಸಿ ಮುಗಿಸಿದವನು, ಅದೇನು ನೆನಪಾಯಿತೋ, ಮಕ್ಕಳ ಜೊತೆ ತಾನೂ ಶಾಲೆಯೊಳಗೆ ಬಂದು ಸಭಾಂಗಣದ ಗೋಡೆಯ ಮುಂದೆ ನಿಂತ. ಗೋಡೆಯ ಮೇಲೆ ಹುಡುಗರ ಎದೆಮಟ್ಟದಿಂದ ಸೂರಿನವರೆಗೆ ಉಗುರು ಗೀರಿದಂಥ ಒಂದು ಬಿರುಕಿತ್ತು.

“ಇದು ಯಾವಾಗಿಂದ ಇದೆ ಟೀಚರಮ್ಮ?”

“ನಾನು ಬಂದಾಗಿಂದ ಇದೆ ತಾತ.”

“ನೀವು ಬಂದು ಎಷ್ಟು ದಿನ ಆಯ್ತು?”

“ಹೋದ ತಿಂಗಳು ಬಂದೆ.”

“ಸರಿಹೋಯ್ತು” ಎಂದ ತಾತ. ಒಂದು ನೋಟುಬುಕ್ಕಿನ ಹಾಳೆ ಇಸಕೊಂಡು ಬೆರಳಗಲದ ಪಟ್ಟಿ ಹರಿದು, ಬಿರುಕಿನ ಎರಡೂ ದಡಕ್ಕೆ ತಾಗುವಂತೆ ಅಡ್ಡಲಾಗಿ ಗೋಂದಿನಲ್ಲಿ ಅಂಟಿಸಿ, ಮೇಲೆ ಆ ದಿನದ ತಾರೀಕು ಬರೆಸಿದ. “ಕಾಗದ ಹಿಗ್ಗಲ್ಲ. ಗೋಡೆ ಕೂದಲೆಳೆಯಷ್ಟು ಸರಿದ್ರೂ ಹರಿಯುತ್ತೆ. ಹರಿದ್ರೆ ಗೋಡೆ ಎಲ್ಲಿಗೋ ಹೊರಟಿದೆ ಅಂತ ಅರ್ಥ. ಬಂದು ನಂಗೆ ಹೇಳಿ. ಗುಂಡಿ ಕೆಲಸ ನಿಲ್ಲಿಸಿ ಮೊದಲು ಗೋಡೆಗೆ ಆಸರೆ ಕೊಡ್ತೀನಿ.”

“ಗೋಡೆ ಎಲ್ಲಿಗೆ ಹೋಗುತ್ತೆ ತಾತ?” ಎಂದು ಹಿಂದಿನಿಂದ ಯಾರೋ ಕೇಳಿದರು.

“ಕೆಳಕ್ಕೆ ಮಗಾ. ಅದಕ್ಕೆ ಗೊತ್ತಿರೋದು ಅದೊಂದೇ ಊರು.”

ಮಕ್ಕಳು ನಕ್ಕರು. ತಾತ ನಗಲಿಲ್ಲ.

ಟೀಚರಿಗೆ ಇದು ಬಹಳ ಹಿಡಿಸಿತು. ಹೊಸಬರು, ಅವಧಿಯ ಕೊನೆಗೆ ಪ್ರದರ್ಶನಕ್ಕಿಡಲು ಒಂದು ಯೋಜನೆ ಬೇಕಿತ್ತು. ‘ನಮ್ಮ ಗೋಡೆ, ನಮ್ಮ ಹೊಣೆ’ ಎಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿ ಬಿರುಕಿನ ಪಕ್ಕದಲ್ಲೇ ತೂಗುಹಾಕಿಸಿದರು. ಪಟ್ಟಿಯ ಉಸ್ತುವಾರಿಯನ್ನು ಇಡೀ ತರಗತಿ ‘ಇಸ್ತ್ರಿ’ ಎಂದು ಕರೆಯುತ್ತಿದ್ದ ಹುಡುಗಿಗೆ ಒಪ್ಪಿಸಿದರು. ಅವಳ ಅಮ್ಮ ಬೀದಿಯ ಮೂಲೆಯಲ್ಲಿ ಬಟ್ಟೆ ಇಸ್ತ್ರಿ ಮಾಡುವವಳು. ಮಗಳ ಲಂಗದ ನೆರಿಗೆಗೆ ಬೆರಳು ತಾಗಿಸಿದರೆ ಕುಯ್ದೀತು ಎಂದು ಹುಡುಗರು ಆಡಿಕೊಳ್ಳುತ್ತಿದ್ದರು.

ಅಚ್ಚುಕಟ್ಟು ಆ ಶಾಲೆಯ ಕುಲದೇವತೆ. ಪೂಜೆ ಶನಿವಾರ. ಮುಖ್ಯೋಪಾಧ್ಯಾಯಿನಿ, ಮಕ್ಕಳ ಬಾಯಲ್ಲಿ ದೊಡ್ಡ ಮಿಸ್, ಅಂದು ಕೈಯಲ್ಲಿ ಕೆಂಪು ಪೆನ್ನು ಹಿಡಿದು ತರಗತಿಯಿಂದ ತರಗತಿಗೆ ಸುತ್ತುತ್ತಿದ್ದರು. ಮಡಿಚಿದ ಹಾಳೆಗೆ ಒಂದು ಅಂಕ ಕಡಿತ, ಕಲೆಗೆ ಒಂದು, ಹರಿದ ಕಾಗದಕ್ಕೆ ಎರಡು. “ಹರಿದದ್ದು ನನ್ನ ಕಣ್ಣಿಗೆ ಬೀಳಬಾರದು” ಎನ್ನುವುದು ಅವರ ಮಾತು. ಹೀಗಾಗಿ ಆ ಶಾಲೆಯಲ್ಲಿ ಏನು ಹರಿದರೂ ಶುಕ್ರವಾರ ಸಂಜೆಯೊಳಗೆ ಹೊಸದಾಗಿಬಿಡುತ್ತಿತ್ತು.

ಮೂರನೇ ವಾರ ಪಟ್ಟಿ ಹರಿಯಿತು. ಅದೂ ಶುಕ್ರವಾರವೇ.

ಇಸ್ತ್ರಿ ಓಡಿಬಂದಳು. ವೇದಿಕೆಯ ಮೇಲೆ ನೃತ್ಯದ ತಾಲೀಮು ನಡೆದಿತ್ತು. ಹನ್ನೆರಡು ಚಿಟ್ಟೆಗಳಲ್ಲಿ ಮೂರು ಜಗಳಕ್ಕೆ ಬಿದ್ದಿದ್ದವು. “ಮಿಸ್, ಪಟ್ಟಿ ಹರಿದಿದೆ.”

“ಹರಿದಿದ್ರೆ ಇನ್ನೊಂದು ಅಂಟಿಸು ಚಿನ್ನ. ನಾಳೆ ದೊಡ್ಡ ಮಿಸ್ ಬರ್ತಾರೆ” ಎಂದರು ಟೀಚರ್, ಒಂದು ಚಿಟ್ಟೆಯ ಕಿವಿ ಹಿಡಿದುಕೊಂಡು. ಆ ಮಾತು ಅವರ ಬಾಯಿಂದ ಹೊರಟಿತೇ ಹೊರತು ಅವರ ಕಿವಿಗೇ ಬೀಳಲಿಲ್ಲ. ರಾತ್ರಿ ಮಲಗುವ ಹೊತ್ತಿಗೆ ಯಾರಾದರೂ ಕೇಳಿದ್ದರೆ, ಪಟ್ಟಿಯ ಸುದ್ದಿಯನ್ನೇ ತಾನು ಕೇಳಿಲ್ಲ ಎಂದು ಅವರು ಪ್ರಾಮಾಣಿಕವಾಗಿ ಹೇಳುತ್ತಿದ್ದರು.

ಇಸ್ತ್ರಿ ಹೇಳಿದಂತೆ ಮಾಡಿದಳು. ಹೊಸ ಪಟ್ಟಿ ಅಂಟಿಸಿದಳು. ತಪ್ಪು ತಾರೀಕಿಗೂ ಒಂದು ಅಂಕ ಹೋಗುವುದರಿಂದ, ಅಂದಿನ ತಾರೀಕನ್ನೇ ಗುಂಡಗೆ ಬರೆದಳು. ಹರಿದದ್ದನ್ನು ಬಿಸಾಡಲಿಲ್ಲ. ಗಿರಾಕಿ ಬಟ್ಟೆ ಒಯ್ಯುವ ತನಕ ಗಂಟಿನ ಚೀಟಿ ಎಸೆಯಬಾರದು ಎನ್ನುವುದು ಅವಳ ಅಮ್ಮನ ಅಂಗಡಿಯ ಕಾನೂನು. ಹರಿದ ಪಟ್ಟಿಯನ್ನು ಕಂಪಾಸು ಡಬ್ಬಿಯೊಳಗಿಟ್ಟು ಮುಚ್ಚಿದಳು.

ಪ್ರತಿ ಸೋಮವಾರ ತಾತ ಕಾಂಪೌಂಡಿನ ಆಚೆಯಿಂದ ತಲೆ ಎತ್ತಿ ಕೇಳುತ್ತಿದ್ದ. “ಏನಮ್ಮ, ಕಾಗದ ಹೇಗಿದೆ?”

ಟೀಚರ್ ಸಭಾಂಗಣದ ಬಾಗಿಲಲ್ಲಿ ನಿಂತು ಇಣುಕುತ್ತಿದ್ದರು. ಬೆಳ್ಳಗಿನ ಪಟ್ಟಿ, ಒಂದು ಸುಕ್ಕಿಲ್ಲ. “ಗಟ್ಟಿಯಾಗಿದೆ ತಾತ.”

“ಹಾಗಿದ್ರೆ ಇನ್ನೊಂದು ಅಡಿ ಇಳೀಬಹುದು.”

ಗುಂಡಿ ಇಳಿಯುತ್ತಾ ಹೋಯಿತು. ಕಾಗದವನ್ನು ನಂಬಿ ತಾತ, ತಾತನನ್ನು ನಂಬಿ ಅವನ ಯಜಮಾನ, ಇಬ್ಬರನ್ನೂ ನಂಬಿ ಶಾಲೆ. ನಂಬಿಕೆಗೆ ಆ ಅವಧಿಯಲ್ಲಿ ಬರವಿರಲಿಲ್ಲ.

ಮಿಕ್ಕ ಚಟುವಟಿಕೆಗಳೂ ಸಾಂಗವಾಗಿ ನಡೆದವು. ಅಗ್ನಿಶಾಮಕ ಠಾಣೆಯವರು ಕಲಿಸಿಕೊಟ್ಟ ಕವಾಯತು ಶಾಲೆಗೆಲ್ಲ ಹಬ್ಬಿತು: ಗಂಟೆ ಮೂರು ಸಲ ಬಾರಿಸಿದರೆ ಮುಂದಿನವರ ಹೆಗಲ ಮೇಲೆ ಕೈಯಿಟ್ಟು, ಓಡದೆ, ಮಾತಾಡದೆ, ಸಾಲಾಗಿ ಮೈದಾನಕ್ಕೆ. ವೃದ್ಧಾಶ್ರಮದಲ್ಲಿ ಮಕ್ಕಳು ಹಾಡಿದರು. ಮುಂದಿನ ಸಾಲಿನ ಅಜ್ಜಿಯೊಬ್ಬರು “ಚೆನ್ನಾಗಿದೆ, ಆದ್ರೆ ಸ್ವಲ್ಪ ಬೇಗ ಮುಗಿಸಿ” ಎಂದರು. ಆದರೂ ಅವಧಿ ಮುಗಿಯುವ ದಿನ ಅವರೆಲ್ಲ ಶಾಲೆಗೆ ಬರುವುದೆಂದು ಮಾತಾಯಿತು.

ನಡುವೆ ಸಭಾಂಗಣದ ಬಾಗಿಲು ಕಚ್ಚಿಕೊಳ್ಳತೊಡಗಿತು. ಬಡಗಿ ಬಂದು ಅಂಚು ಹೆರೆದು ಹೋದ. ಹತ್ತು ದಿನಕ್ಕೆ ಮತ್ತೆ ಕಚ್ಚಿಕೊಂಡಿತು, ಮತ್ತೆ ಹೆರೆದ. “ಬಾಗಿಲಲ್ಲ ಅಮ್ಮಾವ್ರೆ, ಚೌಕಟ್ಟು ವಾರೆಯಾಗ್ತಿದೆ” ಎಂದು ಅವನು ದೊಡ್ಡ ಮಿಸ್‌ಗೆ ಹೇಳಿದ. “ನೀನು ಬಾಗಿಲು ನೋಡು” ಎಂದರು ಅವರು. ಆಮೇಲೊಂದು ಮಧ್ಯಾಹ್ನ, ಯಾರೂ ಇಲ್ಲದ ಹೊತ್ತಿನಲ್ಲಿ ಕಿಟಕಿಯ ಗಾಜೊಂದು ಮೂಲೆಯಿಂದ ಮೂಲೆಗೆ ಸೀಳಿತು. ಚೆಂಡು ಸಿಗದಿದ್ದರೂ ಐದನೇ ತರಗತಿಯನ್ನು ಇಡೀ ಪೀರಿಯಡ್ಡು ನಿಲ್ಲಿಸಿದರು. ಐದನೇ ತರಗತಿ ಹಿಂದೆ ಒಡೆದ ಗಾಜುಗಳನ್ನು ನೆನೆದು ಸುಮ್ಮನೆ ನಿಂತಿತು.

ಇಸ್ತ್ರಿಯ ನೋಟುಬುಕ್ಕು ಸೊರಗುತ್ತಿತ್ತು. ಮೊದಮೊದಲು ವಾರಕ್ಕೊಂದು ಪಟ್ಟಿ, ಆಮೇಲೆ ಎರಡು, ಈಗ ದಿನಕ್ಕೊಂದು. ಗೋಂದಿನ ಸೀಸೆ ಮುಗಿದಾಗ ಟೀಚರನ್ನು ಇನ್ನೊಂದು ಕೇಳಿದಳು. “ಎಷ್ಟು ಶ್ರದ್ಧೆ ನೋಡಿ” ಎಂದು ಟೀಚರ್ ಉಪಾಧ್ಯಾಯರ ಕೊಠಡಿಯಲ್ಲಿ ಎಲ್ಲರೆದುರು ಹೊಗಳಿದರು. ಪಟ್ಟಿಯ ಅಂದವನ್ನು ಒಂಬತ್ತು ಶನಿವಾರ ದೊಡ್ಡ ಮಿಸ್ ಮೆಚ್ಚಿ ಹೋದರು. ಅದರ ಮೇಲಿನ ತಾರೀಕನ್ನು ಯಾರೂ ಓದಲಿಲ್ಲ.

ಕೊನೆಯ ದಿನ ಬಂತು. ಸಭಾಂಗಣದಲ್ಲಿ ಇನ್ನೂರು ಕುರ್ಚಿ, ಮುನ್ನೂರು ಜನ. ಮುಂದಿನ ಸಾಲಿನಲ್ಲಿ ವೃದ್ಧಾಶ್ರಮದವರು. ಮೈಕಿನ ಧ್ವನಿ ಬೀದಿಯವರೆಗೂ ಕೇಳಲೆಂದು ಗೇಟಿನ ಮೇಲೆ ಎರಡು ಧ್ವನಿವರ್ಧಕಗಳು. ವೇದಿಕೆಯ ಮೇಲೆ ಚಿಟ್ಟೆಗಳು ಕುಣಿಯುತ್ತಿದ್ದಾಗ, ಒಗೆದ ಅಂಗಿ ತೊಟ್ಟು ಅತಿಥಿಯಾಗಿ ಬಂದಿದ್ದ ಗಾರೆ ತಾತ ಗೋಡೆಯ ಬಳಿ ನಿಂತು ಕನ್ನಡಕ ಏರಿಸಿದ.

“ಟೀಚರಮ್ಮ, ಸ್ವಲ್ಪ ಬನ್ನಿ. ಇದರ ಮೇಲೆ ಇವತ್ತಿನ ತಾರೀಕಿದೆ.”

“ಇವತ್ತಿಂದಾ?”

“ನನಗೆ ಓದೋಕೆ ಬರುತ್ತಮ್ಮ.”

ಇಸ್ತ್ರಿ ಪಕ್ಕದಲ್ಲೇ ಇದ್ದಳು. “ನಿನ್ನೇದು ಹರಿದಿತ್ತು ತಾತ. ಹೊಸದು ಅಂಟಿಸಿದೆ.”

“ಮೊನ್ನೇದು?”

“ಅದೂ ಹರೀತು.” ಕಂಪಾಸು ಡಬ್ಬಿ ತೆರೆದು ಅವನ ಕೈಗಿಟ್ಟಳು.

ತಾತ ಪಟ್ಟಿಗಳನ್ನು ಮೇಜಿನ ಮೇಲೆ ತಾರೀಕಿನ ಪ್ರಕಾರ ಜೋಡಿಸಿದ. ಮೂವತ್ತೊಂದು. ಕೊನೆಯ ಎಂಟು ಆ ವಾರದವು. ಆ ದಿನ ಹರಿದದ್ದೇ ಎರಡು. ಟೀಚರ ಕಣ್ಣು ಎರಡನೆಯ ಪಟ್ಟಿಯ ಮೇಲೆ, ಅದರಲ್ಲಿದ್ದ ಆ ಶುಕ್ರವಾರದ ತಾರೀಕಿನ ಮೇಲೆ ನಿಂತಿತು. ಚಿಟ್ಟೆಯ ಕಿವಿ ಬೆರಳಿಗೆ ಹತ್ತಿದಂತಾಯಿತು.

“ನಾನೇ ಹೇಳಿದ್ದು” ಎಂದರು.

“ಅದನ್ನ ಆಮೇಲೆ ಅಳೋಣ” ಎಂದ ತಾತ ಮೆಲ್ಲಗೆ. “ಈಗ ಜನ ಹೊರಗೆ ಹೋಗ್ಬೇಕು. ಓಡಬಾರದು. ನೆಲ ಅದುರಬಾರದು.”

ಟೀಚರ್ ವೇದಿಕೆಯ ಪಕ್ಕಕ್ಕೆ ಹೋಗಿ ದೊಡ್ಡ ಮಿಸ್‌ನ ಕಿವಿಯಲ್ಲಿ ಹೇಳಿದರು. “ಬಹುಮಾನ ವಿತರಣೆ ಆಗ್ಲಿ” ಎಂದರು ದೊಡ್ಡ ಮಿಸ್, ನಗುಮುಖ ಕೆಡಿಸದೆ. “ಗೋಡೆ ಮೂವತ್ತು ವರ್ಷದಿಂದ ನಿಂತಿದೆ. ನೀವು ಬಂದು ನಾಲ್ಕು ತಿಂಗಳಾಗಿಲ್ಲ.”

ಟೀಚರ್ ಹೊರಗೆ ಹೋಗಿ ಗಂಟೆಯನ್ನು ಮೂರು ಸಲ ಬಾರಿಸಿದರು.

ಚಿಟ್ಟೆಗಳು ಕುಣಿತ ನಿಲ್ಲಿಸಿ ಮುಂದಿನವರ ಹೆಗಲಿಗೆ ಕೈಯಿಟ್ಟವು. ಎಲ್ಲ ತರಗತಿಗಳೂ ಎದ್ದವು. ಒಂದು ಪಿಸುಮಾತಿಲ್ಲ. ವೃದ್ಧಾಶ್ರಮದ ಅಜ್ಜಿಯ ಕೈಯನ್ನು ಒಬ್ಬಳು ತನ್ನ ಹೆಗಲ ಮೇಲೆ ಇಟ್ಟುಕೊಂಡಳು. ಅದನ್ನು ನೋಡಿ ಉಳಿದವರೂ ಹಾಗೇ ಮಾಡಿದರು. ತಂದೆತಾಯಿಗಳು ಇದೂ ಒಂದು ಐಟಂ ಎಂದುಕೊಂಡು ಫೋನೆತ್ತಿ ಚಿತ್ರ ತೆಗೆದರು. ಮಕ್ಕಳು ಕಣ್ಮರೆಯಾದ ಮೇಲೆ ಅವರೂ ಒಬ್ಬೊಬ್ಬರಾಗಿ ಎದ್ದರು. ತಮ್ಮ ಮಗುವಿನ ಐಟಂ ಮುಗಿದ ಮೇಲೆ ಆ ಸಭಾಂಗಣದಲ್ಲಿ ಯಾರೂ ಕೂತವರಲ್ಲ. ಪ್ರತಿ ವರ್ಷ ದೊಡ್ಡ ಮಿಸ್ ಇದನ್ನು ಖಂಡಿಸುತ್ತಿದ್ದರು.

ಹತ್ತು ನಿಮಿಷ ಕಳೆಯಿತು. ಗೋಡೆ ನಿಂತೇ ಇತ್ತು. ಮೈದಾನದ ಬಿಸಿಲಲ್ಲಿ ಗೊಣಗು ಶುರುವಾಯಿತು. ತಾತ ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು ಕೂತಿದ್ದ.

“ಏನ್ರೀ ಯಜಮಾನ್ರೆ, ದಾರಿ ಬಿಡಿ. ನನ್ನ ಬ್ಯಾಗ್ ಒಳಗಿದೆ” ಎಂದರು ಒಬ್ಬರು.

“ಬ್ಯಾಗಿಗೆ ಏನೂ ಗೊತ್ತಾಗಲ್ಲ ಬಿಡಿ ಸ್ವಾಮಿ” ಎಂದ ತಾತ.

ಒಳಗೆ ದೊಡ್ಡ ಮಿಸ್ ಒಬ್ಬರೇ. ಗೋಡೆಯ ಪಕ್ಕದ ಮೇಜಿನ ಬಳಿ ನಿಂತು ಮೈಕಿನಲ್ಲಿ ಕರೆಯುತ್ತಿದ್ದರು. ಗೇಟಿನ ಮೇಲಿಂದ ಅವರ ಧ್ವನಿ ಬೀದಿಗೆಲ್ಲ ಬಿತ್ತು. “ಅತ್ಯಂತ ಅಚ್ಚುಕಟ್ಟಾದ ಯೋಜನೆಗೆ ಮೊದಲ ಬಹುಮಾನ, ‘ನಮ್ಮ ಗೋಡೆ, ನಮ್ಮ ಹೊಣೆ’. ವಿದ್ಯಾರ್ಥಿನಿ ಕೂಡಲೇ ವೇದಿಕೆಗೆ ಬರಬೇಕು.”

ಇಸ್ತ್ರಿ ಮೈದಾನದ ಕಟ್ಟೆಯ ಮೇಲೆ ಪಟ್ಟಿಗಳನ್ನು ವಾಪಸ್ಸು ತುಂಬಿಕೊಂಡ ಡಬ್ಬಿಯನ್ನು ಮಡಿಲಲ್ಲಿ ತೆರೆದಿಟ್ಟುಕೊಂಡು ಕೂತಿದ್ದಳು.

“ಕರೀತಿದ್ದಾರೆ, ಹೋಗೇ” ಎಂದಳು ಅಮ್ಮ. “ಎಷ್ಟು ಸಲ ಕರೆಸ್ಕೊಳ್ತೀಯ?”

ಹುಡುಗಿ ಟೀಚರ್ ಕಡೆ ನೋಡಿದಳು. ಟೀಚರ್ ಅಡ್ಡಕ್ಕೆ ತಲೆಯಾಡಿಸಿದರು. ಆ ಶಾಲೆ ಸೇರಿದ ಮೇಲೆ ಮೊದಲ ಬಾರಿಗೆ ಹುಡುಗಿ ತನಗೆ ಹೇಳಿದ ಕೆಲಸ ಮಾಡಲಿಲ್ಲ. “ಅದು ಅಚ್ಚುಕಟ್ಟಾಗಿಲ್ಲಮ್ಮ” ಎಂದಳು. “ಮೂವತ್ತೊಂದು ಸಲ ಹರಿದಿದೆ.”

ಮೂರನೇ ಸಲ ಕರೆದು ದೊಡ್ಡ ಮಿಸ್‌ನ ತಾಳ್ಮೆ ಮುಗಿಯಿತು. ಮೈಕನ್ನು ಮೇಜಿನ ಮೇಲೆ, ಪಟ್ಟಿಯ ಕೆಳಗೇ ಇಟ್ಟು, ಪ್ರಶಸ್ತಿಪತ್ರ ಹಿಡಿದು ಹೊರಟರು. ತಾತ ಎದ್ದು ಕುರ್ಚಿ ಸರಿಸಿ ದಾರಿ ಬಿಟ್ಟ. ಅವರ ಹಿಂದೆಯೇ ತಾನೂ ಕುರ್ಚಿ ಎತ್ತಿಕೊಂಡು ದೂರ ಬಂದ. ಅವರು ಮೈದಾನ ದಾಟಿ ಕಟ್ಟೆಯ ಬಳಿ ಬಂದು ನಿಂತರು. ಡಬ್ಬಿ ನೋಡಿದರು.

“ಏನಿದು ಕಸ?”

ಹುಡುಗಿ ಉತ್ತರ ಕೊಡುವ ಮೊದಲೇ ಗೇಟಿನ ಮೇಲಿನ ಧ್ವನಿವರ್ಧಕಗಳು ಚರ್ರೆಂದವು. ಮುನ್ನೂರು ಜನ ತಲೆಯೆತ್ತಿದರು. ಹಾಳಾದ ವೈರು ಎಂದುಕೊಂಡವರೇ ಹೆಚ್ಚು. ಕಾಗದ ಹರಿದ ಸದ್ದು ಅದು ಎಂದು ಗುರುತು ಹಿಡಿದವರು ಮೂವರೇ. ಅದರ ಬೆನ್ನಿಗೇ ಸಭಾಂಗಣದಿಂದ ಬಂದ ಸದ್ದನ್ನು ಯಾರೂ ಗುರುತು ಹಿಡಿಯಬೇಕಾಗಿ ಬರಲಿಲ್ಲ.