ಮುಚ್ಚಿದ ಬಾಗಿಲಿನ ಚಿತ್ರ

ಆಟಿಸಂ ಇರುವ ನನ್ನ ಮೊಮ್ಮಗಳಿಗೆ ಮಾತು ಬಂದಿರಲಿಲ್ಲ. ತನಗೇನು ಬೇಕೆಂದು ಒಮ್ಮೆಯಾದರೂ ಅವಳು ನನಗೆ ತಿಳಿಸಲಿ ಎಂದು ಕಾಯುತ್ತಿದ್ದೆ. ಥೆರಪಿ ಕೇಂದ್ರದಲ್ಲಿ ಉಳಿದ ಮಕ್ಕಳು ಬಿಸ್ಕತ್ತಿನ ಚಿತ್ರ ಕೊಟ್ಟು ಬಿಸ್ಕತ್ತು ಕೇಳಲು ಕಲಿತರು. ಇವಳಿಗೆ ಬಿಸ್ಕತ್ತೂ ಬೇಡ, ಮೆಚ್ಚುಗೆಯ ಚಪ್ಪಾಳೆಯಂತೂ ಬೇಡವೇ ಬೇಡ. ಕಿವಿ ಮುಚ್ಚಿಕೊಂಡು ಅಳುತ್ತಿದ್ದಳು.

ಅಲ್ಲಿನ ಟೀಚರ್ ಕೆಲವು ದಿನ ಅವಳನ್ನು ಸುಮ್ಮನೆ ಗಮನಿಸಿದರು. ಆಮೇಲೆ ಮುಚ್ಚಿದ ಬಾಗಿಲಿನ ಚಿತ್ರವೊಂದನ್ನು ತಾವೇ ಬರೆದರು.

"ಬೇರೆ ಮಕ್ಕಳಿಗೆ ಒಗ್ಗಿದ್ದು ಇವಳಿಗೆ ಒಗ್ಗಲ್ಲ ಅಜ್ಜಿ. ಇದನ್ನ ಯಾರ ಕೈಗೆ ಕೊಡ್ತಾಳೋ ಅವರು ಸ್ವಲ್ಪ ಹೊತ್ತು ಆಚೆ ಹೋಗ್ಬೇಕು. ನೀವಾದ್ರೂ ಅಷ್ಟೇ."

"ಹಾಗಾದ್ರೆ ನನಗೂ ಗೇಟ್‌ಪಾಸ್ ಅನ್ನಿ," ಎಂದು ನಕ್ಕಿದ್ದೆ.

ಟೀಚರ್ ತಾಳ್ಮೆಯಿಂದ ಅಭ್ಯಾಸ ಮಾಡಿಸಿದರು. ನಿನ್ನೆ ಅಲ್ಲಿನ ಕೋಣೆಯಲ್ಲಿ ಅವಳ ಬೆನ್ನು ಸವರುತ್ತ ಕುಳಿತಿದ್ದಾಗ, ಅವಳು ಆ ಚಿತ್ರವನ್ನು ಹುಡುಕಿ ತೆಗೆದು ನನ್ನ ಕೈಗಿಟ್ಟಳು. ಎದ್ದು ಹೊರಬಂದು ಬಾಗಿಲು ಎಳೆದುಕೊಂಡೆ. ಒಳಗೆ ಅಳುವಿರಲಿಲ್ಲ. ಉದ್ದನೆಯ ಕಾರಿಡಾರಿನಲ್ಲಿ ನಾನೊಬ್ಬಳೇ ನಿಂತಿದ್ದೆ.

ಟೀಚರ್ ಎರಡು ಕುರ್ಚಿ ತಂದು ಹಾಕಿದರು.

"ಬೇಜಾರಾಯ್ತಾ ಅಜ್ಜಿ?"

"ಆಯ್ತು ಕಣಮ್ಮ. ಆದ್ರೂ ಕೇಳಿದ್ಲಲ್ಲ, ಅದೂ ನನ್ನನ್ನೇ."

ಅವರು ನನ್ನ ಪಕ್ಕದಲ್ಲಿ ಕುಳಿತರು.