ಇಸ್ತ್ರಿ ಮೇಜಿನ ಮೇಲೊಂದು ಕಾಲು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆ. ಕಿಟಕಿ ಇಲ್ಲ. ಎರಡು ಯಂತ್ರಗಳು ಒಗೆಯುತ್ತವೆ, ಒಂದು ಒಣಗಿಸುತ್ತದೆ, ಮೂವರು ಹೆಂಗಸರು ಬೇಯುತ್ತಾರೆ. ಅವರಲ್ಲಿ ಇಸ್ತ್ರಿಯಕ್ಕ ನಿಂತೇ ಹದಿನಾರು ವರ್ಷ ಕಳೆದಿದ್ದಳು. ಕೂತು ಇಸ್ತ್ರಿ ಮಾಡಬಹುದಾ ಎಂದು ಒಮ್ಮೆ ಕೇಳಿದ್ದುಂಟು. "ಕೂತ್ರೆ ನಿದ್ದೆ ಬರುತ್ತೆ, ನಿದ್ದೆ ಬಂದ್ರೆ ಕೋಟು ಸುಡುತ್ತೆ," ಎಂದಿದ್ದ ಗುತ್ತಿಗೆದಾರನ ಮೇಸ್ತ್ರಿ. ಹಾಗೆನ್ನುವಾಗ ಅವನು ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ.

ಅವಳ ಕಾಲನ್ನು ಮೊದಲು ಗಮನಿಸಿದ್ದು ಮಗಳು. ಒಂದೇ ಕೋಣೆಯ ಮನೆ, ಮಗಳ ಹಾಸಿಗೆ ಅಮ್ಮನ ಕಾಲ ಬುಡದಲ್ಲಿ. ಒಂದು ಬೆಳಿಗ್ಗೆ ಎದ್ದವಳೇ, "ಅಮ್ಮಾ, ನಿನ್ನ ಎಡಗಾಲು ಒಲೆ, ಬಲಗಾಲು ಬಾವಿ. ಏನೇ ಇದು?" ಎಂದಳು.

ಇಸ್ತ್ರಿಯಕ್ಕ ಅಂಗೈ ಹಿಂಬದಿಯನ್ನು ಇಟ್ಟು ನೋಡಿದಳು. ಬಿಸಿಯ ವಿಷಯದಲ್ಲಿ ಆ ಕೈಗೆ ಯಾರೂ ಮೋಸ ಮಾಡಲಾರರು. ಬಲಗಾಲು ರೇಷ್ಮೆಯ ಬಿಸಿ, ಎಡಗಾಲು ದಪ್ಪ ಹತ್ತಿಯ ಬಿಸಿ. ಕೆಂಪಗೆ ಊದಿ ಚಪ್ಪಲಿ ಹಿಡಿಯುತ್ತಿರಲಿಲ್ಲ. ಆದರೆ ನೋವಿಲ್ಲ. ನೋವೇ ಇಲ್ಲದ ಮೇಲೆ ಕಾಯಿಲೆ ಎಲ್ಲಿಂದ ಬಂತು? ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆಗೆ ಮೈಯಲ್ಲಿ ಮನೆ ಕೊಟ್ಟವಳು. ಇನ್ನೊಂದು ಕಾಯಿಲೆಗೆ ಜಾಗ ಕೊಡುವ ಮನಸ್ಸು ಅವಳಿಗಿರಲಿಲ್ಲ.

ಆದರೂ ಮಗಳ ಕಾಟಕ್ಕೆ ಮೇಲೆ ಹೋದಳು. ಸಕ್ಕರೆ ಡಾಕ್ಟರು ರಕ್ತ ನೋಡಿದರು, ಕಾಲು ನೋಡಲಿಲ್ಲ. "ಮೂಳೆಯವರಿಗೆ ತೋರಿಸಿ" ಎಂದರು. ಮೂಳೆ ಡಾಕ್ಟರು ಎಕ್ಸ್‌ರೇ ಫಿಲ್ಮು ನೋಡಿದರು, ಕಾಲು ನೋಡಲಿಲ್ಲ. "ಮೂಳೆ ನೆಟ್ಟಗಿದೆ. ಕೀವಿರಬೇಕು, ಗಾಯದವರಿಗೆ ತೋರಿಸಿ. ನನ್ನ ಹತ್ರ ಆರು ವಾರ ಬಿಟ್ಟು ಬನ್ನಿ" ಎಂದರು. ಗಾಯದ ಡಾಕ್ಟರು ಮಾತ್ರ ಕಾಲು ನೋಡಿದರು. ನೋಡಿ, "ಗಾಯ ಎಲ್ಲಿ?" ಎಂದರು. ಗಾಯ ತಾರದೆ ಬಂದದ್ದು ತನ್ನದೇ ತಪ್ಪೆಂಬಂತೆ ಅವಳು ತಲೆ ತಗ್ಗಿಸಿದಳು.

ಕಾಯಿಲೆಗೆ ಅರ್ಥ ಹೇಳಿದವನು ಪಟ್ಟಿಯಣ್ಣ. ಮುರಿದ ಕೈಕಾಲಿಗೆ ಪ್ಲಾಸ್ಟರ್ ಪಟ್ಟಿ ಹಾಕುವ ಕೋಣೆಯ ಕೆಲಸದವನು. ಹಾಸಿಗೆಬಟ್ಟೆ ಒಯ್ಯಲು ಬಂದವನು ಅವಳ ಕಾಲು ಕಂಡು ಬಟ್ಟೆಯ ಗಂಟನ್ನು ಅಲ್ಲೇ ಬಿಟ್ಟ.

"ಅಕ್ಕಾ, ಕೂತ್ಕೊ. ಮೊದ್ಲು ಕೂತ್ಕೊ."

"ಮೇಸ್ತ್ರಿ ಬೈತಾನಪ್ಪ."

"ಅವನ ಮನೆ ಹಾಳಾಗ! ನೋವಿಲ್ಲ ಅಂತೀಯಲ್ಲ, ಅದೇ ಕಾಯಿಲೆ. ಸಕ್ಕರೆ ನರಾನೇ ತಿಂದುಹಾಕಿದೆ. ಒಳಗೆ ಮೂಳೆ ಪುಡಿಯಾಗಿ ಕೀಲು ಕಳಚೋಕೆ ಶುರುವಾದ್ರೂ ಕಾಲಿಗೆ ಸುದ್ದಿನೇ ಇಲ್ಲ, ಫಿಲ್ಮಿಗೂ ಮೊದಮೊದ್ಲು ಕಾಣಲ್ಲ. ಈಗ ಪಟ್ಟಿ ಹಾಕಿ ಮೂರ್ನಾಲ್ಕು ತಿಂಗಳು ನೆಲಕ್ಕೆ ಭಾರ ಬಿಡದಿದ್ರೆ ಪಾದ ಉಳಿಯುತ್ತೆ. ಹೀಗೇ ನಿಂತ್ರೆ ಅಂಗಾಲು ದೋಣಿ ತರ ಉಬ್ಬುತ್ತೆ, ಹುಣ್ಣಾಗುತ್ತೆ. ಆಮೇಲೆ ಕತ್ತರಿಸೋದೇ."

"ಹಾಗಾದ್ರೆ ಹಾಕಪ್ಪ ಪಟ್ಟಿ."

"ಮೂವರು ಡಾಕ್ಟರ ಸಹಿ ಬೇಕಕ್ಕ. ಒಂದೇ ಕಾಗದ, ಒಂದೇ ತಾರೀಖು. ರೋಗಿ ಖುದ್ದಾಗಿ ಹೋಗಿ ತರಬೇಕು. ದೊಡ್ಡ ಡಾಕ್ಟರು ಮಾಡಿದ ಕಾನೂನು."

ಮೂಳೆಯವರು ರೋಗಿಗಳನ್ನು ನೋಡುವುದು ಸೋಮವಾರ, ಸಕ್ಕರೆಯವರು ಬುಧವಾರ, ಗಾಯದವರು ಶನಿವಾರ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಮೂವರು ದೇವರು ಒಂದೇ ದಿನ ಗುಡಿಯಲ್ಲಿರುತ್ತಿರಲಿಲ್ಲ. ಎರಡು ವಾರ ಅವಳು ಮೆಟ್ಟಿಲು ಹತ್ತಿದಳು, ಇಳಿದಳು. "ಕಾಲು ಊರಬಾರದು" ಎಂದು ಪಟ್ಟಿಯಣ್ಣ ಬರೆದುಕೊಟ್ಟ ಚೀಟಿ ಹಿಡಿದು ಮೂರನೇ ಮಹಡಿಗೆ ನಡೆದೇ ಹೋದಳು. ಅಲ್ಲಿ ಗುಮಾಸ್ತ ಕಾಗದ ತಿರುಗಿಸಿ ನೋಡಿ, "ಸೋಮವಾರದ ಸಹಿ ಬುಧವಾರ ಕೆಟ್ಟುಹೋಗುತ್ತಮ್ಮ" ಎಂದ.

"ಸಹಿ ಏನು ಹಾಲಾ ಸ್ವಾಮಿ, ಒಡೆಯೋಕೆ?"

ಗುಮಾಸ್ತ ನಗಲಿಲ್ಲ. ನೆಲಮಾಳಿಗೆಯಲ್ಲಿ ದೊಡ್ಡಮ್ಮ ನಕ್ಕಳು. ಒಗೆಯುವ ಯಂತ್ರ ನೋಡಿಕೊಳ್ಳುವ ದೊಡ್ಡಮ್ಮನಿಗೆ ಸಿಟ್ಟು ಬಂದರೆ ನಗು ಬರುತ್ತಿತ್ತು. ಅವಳು ಹೆಚ್ಚು ನಕ್ಕಷ್ಟೂ ಉಳಿದವರಿಗೆ ಭಯ.

"ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ನಿನ್ನ ಕಾಲು! ಆ ಮೂವರೂ ಒಟ್ಟಿಗೆ ಸಿಗೋ ದಿನಾನೇ ಇಲ್ವೇನೇ?"

"ತಿಂಗಳ ಮೊದಲ ಶುಕ್ರವಾರ, ದೊಡ್ಡ ಡಾಕ್ಟರ ಮೀಟಿಂಗು," ಎಂದಳು ಹರಿದದ್ದು ಹೊಲಿಯುವ ಹೊಲಿಗೆಯವಳು, ಬಾಯಲ್ಲಿದ್ದ ದಾರ ತೆಗೆದು. "ಆದ್ರೆ ಆವತ್ತು ರೋಗಿಗಳನ್ನ ನೋಡಲ್ಲ."

"ಮೀಟಿಂಗಿಗೆ ಏನು ಹಾಕ್ಕೊಂಡು ಹೋಗ್ತಾರೆ?" ಎಂದಳು ದೊಡ್ಡಮ್ಮ.

ಮೂವರು ಹೆಂಗಸರೂ ಕಂಬಿಯ ಕಡೆ ನೋಡಿದರು. ಬಿಳಿ ಕೋಟುಗಳು ಸಾಲಾಗಿ ನೇತಾಡುತ್ತಿದ್ದವು. ಕೊರಳಪಟ್ಟಿಯೊಳಗೆ ಮೂಳೆಯವರದಕ್ಕೆ ಕೆಂಪು ದಾರ, ಸಕ್ಕರೆಯವರದಕ್ಕೆ ನೀಲಿ, ಗಾಯದವರದಕ್ಕೆ ಹಳದಿ. ಕೋಟಿಲ್ಲದೆ ಯಾರೂ ದೊಡ್ಡ ಡಾಕ್ಟರ ಮುಂದೆ ಕೂರುವಂತಿರಲಿಲ್ಲ.

"ಕೆಲಸ ಹೋದ್ರೆ ದೊಡ್ಡಮ್ಮಾ?"

"ಕಾಲು ಹೋದ್ರೆ ಕೆಲಸ ಇರುತ್ತೇನೇ, ಹುಚ್ಚಿ?"

ಶುಕ್ರವಾರ ಬೆಳಿಗ್ಗೆ ಬಾಗಿಲಿಗೆ ಒಂದು ಚೀಟಿ ಅಂಟಿತು. ಹೊಲಿಗೆಯವಳ ಕೈಬರಹ, ಆಸ್ಪತ್ರೆಯದೇ ಭಾಷೆ: "ಮೂಳೆ, ಸಕ್ಕರೆ, ಗಾಯ ವಿಭಾಗಗಳ ಕೋಟು ಬೇಕಾದವರು ಖುದ್ದಾಗಿ ಹಾಜರಾಗತಕ್ಕದ್ದು. ಮೂವರೂ ಒಟ್ಟಿಗೆ ಬಂದಲ್ಲಿ ಮಾತ್ರ ಕೊಡಲಾಗುವುದು."

ಮೊದಲು ಜವಾನ ಬಂದ.

"ಕೋಟು ಕೊಡು ದೊಡ್ಡಮ್ಮ, ಸಾಹೇಬ್ರು ಕಾಯ್ತಿದಾರೆ."

"ಕೋಟು ನಿಂದಾ?"

"ಅಲ್ಲ."

"ಮತ್ತೆ? ಓದೋಕೆ ಬರಲ್ವಾ? ಖುದ್ದಾಗಿ ಅಂತ ಬರೆದಿದೆ. ನಡಿ."

ಹತ್ತಕ್ಕೆ ಮೀಟಿಂಗು. ಒಂಬತ್ತೂ ಮುಕ್ಕಾಲಿಗೆ ಡಾಕ್ಟರು ಮೂವರೂ ಇಳಿದು ಬಂದರು. ತಮ್ಮ ಕೋಟು ಎಲ್ಲಿ ಬೆಳ್ಳಗಾಗುತ್ತದೆಂದು ಅವರು ಕಂಡದ್ದು ಅದೇ ಮೊದಲು. ಸಕ್ಕರೆ ಡಾಕ್ಟರ ತಲೆ ಬಿಸಿನೀರಿನ ಕೊಳವೆಗೆ ತಾಗಿತು. ಎದುರಿಗೆ ಮೇಸ್ತ್ರಿಯ ಕುರ್ಚಿಯಲ್ಲಿ ಇಸ್ತ್ರಿಯಕ್ಕ ಕೂತಿದ್ದಳು. ಮಡಿಸಿದ ಬಟ್ಟೆಯ ಮೇಲೆ, ಇಸ್ತ್ರಿ ಮೇಜಿನ ನಡುಮಧ್ಯೆ, ಅವಳ ಎಡಗಾಲು.

"ಏನು ತಮಾಷೆ ಇದು?" ಎಂದರು ಮೂಳೆ ಡಾಕ್ಟರು.

"ತಮಾಷೆ ಅಲ್ಲ ಸಾರ್, ಕಾಲು," ಎಂದಳು ಇಸ್ತ್ರಿಯಕ್ಕ.

"ನಮ್ಮ ಕೋಟೆಲ್ಲಿ?"

"ಕಾಲಿನ ಆಚೆ ಇದೆ ಸಾರ್," ಎಂದಳು ದೊಡ್ಡಮ್ಮ, ಕಂಬಿಗೆ ಒರಗಿ ನಿಂತು.

ಇಸ್ತ್ರಿಯಕ್ಕ ಸೀರೆಯ ಅಂಚು ಸರಿಸಿ ಪಾದವನ್ನು ಅವರತ್ತ ತಿರುಗಿಸಿದಳು. "ಒಂದ್ಸಲ ಮುಟ್ಟಿ ನೋಡಿ ಸಾರ್. ಇಷ್ಟು ದಿನ ಯಾರೂ ಮುಟ್ಟಿಲ್ಲ."

ಮೂಳೆ ಡಾಕ್ಟರು ಗಡಿಯಾರ ನೋಡಿಕೊಂಡು ಎಡಗಾಲು ಮುಟ್ಟಿದರು. ಬಲಗಾಲು ಮುಟ್ಟಿದರು. ಮತ್ತೆ ಎಡಗಾಲಿಗೆ ಬಂದರು. ಈ ಸಲ ಗಡಿಯಾರ ನೋಡಲಿಲ್ಲ.

"ಇದನ್ನ ನೀವು ನನಗೆ ಹೇಳಲೇ ಇಲ್ಲವಲ್ಲ," ಎಂದು ಸಕ್ಕರೆ ಡಾಕ್ಟರ ಕಡೆ ತಿರುಗಿದರು.

"ಬರೆದು ಕಳಿಸಿದ್ದೆ."

"ನನಗಂತೂ ಕಾಗದವೇ ಬಂದಿಲ್ಲ," ಎಂದರು ಗಾಯದ ಡಾಕ್ಟರು.

"ಕಾಗದ ಈ ಕಾಲ ಮೇಲೇ ನಡ್ಕೊಂಡು ಬರಬೇಕಿತ್ತು ಸಾರ್," ಎಂದಳು ಇಸ್ತ್ರಿಯಕ್ಕ.

ಯಂತ್ರ ಗುಡುಗುಟ್ಟುತ್ತಲೇ ಇತ್ತು. ಮೂವರು ಕೋಟಿಲ್ಲದ ಗಂಡಸರು ಒಂದು ಕಾಲಿನ ಸುತ್ತ ತಲೆ ಸೇರಿಸಿ ಮಾತಾಡಿದರು. ಕೋಟಿಲ್ಲದಾಗ ಅವರೂ ಮನುಷ್ಯರ ಹಾಗೇ ಕಂಡರು. ಏಳೇ ನಿಮಿಷ. ಒಂದು ಕಾಗದ, ಒಂದು ತಾರೀಖು, ಮೂರು ಸಹಿ. ಕೆಳಗೆ ಮೂಳೆ ಡಾಕ್ಟರು, "ಕುಳಿತೇ ಕೆಲಸ ಮಾಡತಕ್ಕದ್ದು" ಎಂದೂ ಬರೆದರು. ಪಟ್ಟಿಯಣ್ಣ ಬಟ್ಟೆಯ ರಾಶಿಯ ಹಿಂದಿನಿಂದ ಪಟ್ಟಿ ನೆನೆಸುವ ಬಕೆಟ್ಟಿನ ಸಮೇತ ಎದ್ದು ಬಂದ. ಬೆಳಗಿನಿಂದ ಅಲ್ಲೇ ಅಡಗಿ ಕೂತಿದ್ದವನು.

ಮಧ್ಯಾಹ್ನ ಮೇಸ್ತ್ರಿ ಬಂದು, "ನನ್ನ ಕುರ್ಚಿ!" ಎಂದ. ದೊಡ್ಡಮ್ಮ ಕಾಗದ ತೋರಿಸಿದಳು. ನಿಂತೇ ಓದಿದ.

ಸುದ್ದಿಗೆ ಕಾಲು ಚೆನ್ನಾಗಿತ್ತು. ಸೋಮವಾರದ ಹೊತ್ತಿಗೆ ಆಸ್ಪತ್ರೆಯ ಅಡುಗೆಯವಳು, ಗಿಡಕ್ಕೆ ನೀರು ಹಾಕುವವನು, ಯಾವುದೋ ವಾರ್ಡಿನ ಮುದುಕ, ಎಲ್ಲರೂ ಚೀಟಿ ಹಿಡಿದು ನೆಲಮಾಳಿಗೆಗೆ ಇಳಿಯತೊಡಗಿದರು. ಮಂಗಳವಾರ ಮೇಲಿನಿಂದ ಆಜ್ಞೆ ಬಂತು: ಬಟ್ಟೆ ಕೋಣೆಗೆ ಹೊರಗಿನವರಿಗೆ ಪ್ರವೇಶವಿಲ್ಲ. ಬಾಗಿಲಿಗೆ ಒಬ್ಬ ಕಾವಲುಗಾರನನ್ನೂ ನಿಲ್ಲಿಸಿದರು.

ಅವನು ಮಧ್ಯಾಹ್ನದವರೆಗೆ ಏಳು ಜನರನ್ನು ಗದರಿಸಿ ಕಳಿಸಿದ. ಆಮೇಲೆ ಅತ್ತಿತ್ತ ನೋಡಿ ಒಳಗೆ ಇಣುಕಿದ.

"ಅಕ್ಕಾ, ನಂದೂ ಒಂಚೂರು ನೋಡ್ತೀಯಾ? ನೋವೇನಿಲ್ಲ. ಈ ಬೂಟು ಯಾಕೋ ಹಿಡೀತಿಲ್ಲ."

ಅವನು ಒಳಬಂದು ಬೂಟು ಕಳಚಿದ. ಇಸ್ತ್ರಿಯಕ್ಕ ಕೂತಲ್ಲಿಂದಲೇ ಕೈ ಚಾಚಿ ಅವನ ಪಾದ ಮುಟ್ಟಿದಳು. ಅವಳ ಮುಖದ ನಗು ಇಳಿಯಿತು.

"ಸಕ್ಕರೆ ಇದೆಯಾ?"

"ಆರು ವರ್ಷದಿಂದ."

"ಕೂತ್ಕೊ."

"ಡ್ಯೂಟಿಲಿ ಕೂರೋ ಹಾಗಿಲ್ಲ ಅಕ್ಕ."

"ಕೂತ್ಕೊಳ್ಳೋ, ಅಂದೆ!"

ದೊಡ್ಡಮ್ಮ ಆಗಲೇ ಬಿದ್ದು ಬಿದ್ದು ನಗುತ್ತ ಕಂಬಿಯಿಂದ ಕೆಂಪು, ನೀಲಿ, ಹಳದಿ ದಾರದ ಕೋಟುಗಳನ್ನು ಬಾಚುತ್ತಿದ್ದಳು. ಇಸ್ತ್ರಿಯಕ್ಕ ತಡೆದಳು.

"ಅವನ್ನ ಬಿಡು ದೊಡ್ಡಮ್ಮ. ಈ ಸಲ ಕಾನೂನು ಮಾಡಿದ ದೊಡ್ಡ ಡಾಕ್ಟರ ಕೋಟು ಒಂದೇ ಸಾಕು."